ಮಣಲಿಯ ಹಿನ್ನೀರೂ ಉಭಯಲಿಂಗತ್ವದ ವಿಚಾರವೂ

ಸಸ್ಯಗಳಿಗೆ ಲಿಂಗಭೇದವುಂಟೆಂಬುದನ್ನು ಪ್ರಯೋಗದಿಂದ ತೋರಿಸಿದವನು ಜರ್ಮನಿಯ ಕ್ಯಾಮರೇರಿಯಸ್. ಅದು 1694ರ ಮಾತು. 1735ರಲ್ಲಿ ಸ್ವೀಡನ್ನಿನ ಲಿನೇಯಸನು ಆ ತತ್ತ್ವವನ್ನೇ ಆಧಾರವಾಗಿಟ್ಟುಕೊಂಡು ಸಸ್ಯಗಳನ್ನು 24 ವರ್ಗಗಳಾಗಿ ವಿಂಗಡಿಸಿದನು. ಅವುಗಳಲ್ಲಿ ಮೊದಲ 20 ವರ್ಗಗಳೂ ಕೇಸರ ಮತ್ತು ಅಂಡಾಶಯಗಳೆರಡನ್ನೂ ಒಂದೇ ಹೂವಿನಲ್ಲಿ ತಳೆದ ಗಿಡಗಳಿಗೆ ಮೀಸಲಾದವು. ಪ್ರಾಣಿಗಳಲ್ಲಿ ಅಪವಾದವೆಂದು ತೋರುವ ಉಭಯಲಿಂಗತ್ವವು ಸಸ್ಯಗಳಲ್ಲಿ ಸಾಮಾನ್ಯ ನಿಯಮವೆಂಬುದು ಹೀಗೆ ಸ್ಪಷ್ಟವಾಯಿತು.

ಈ ವಿದ್ಯೆ ಚೋಳಮಂಡಲ ತೀರಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಲಿನೇಯಸನ ಶಿಷ್ಯನಾದ ಕೋನಿಗನು 1768ರಲ್ಲಿ ತರಂಗಂಬಾಡಿಗೆ ಬಂದನು. 1778ರಲ್ಲಿ ಮದರಾಸಿನ ಕಂಪೆನಿ ಸರಕಾರದ ನಿಸರ್ಗಶಾಸ್ತ್ರಜ್ಞನಾದನು. 1776ರಲ್ಲಿ ಮದರಾಸಿಗೆ ಬಂದ ರಾಕ್ಸ್‌ಬರೋ ಕೂಡ ಕೇಸರಗಳನ್ನೆಣಿಸಿ ಗಿಡಗಳನ್ನು ಗುರುತಿಸುವ ಇದೇ ಪದ್ಧತಿಯನ್ನು ಅನುಸರಿಸಿದನು.

ಒಂದೇ ಹೂವಿನಲ್ಲಿ ಎರಡೂ ಅಂಗಗಳಿದ್ದ ಮಾತ್ರಕ್ಕೆ ಅದು ತನ್ನಿಂದ ತಾನೇ ಫಲಿಸುವುದೆಂದು ಹೇಳಲಾಗದು. ಆ ಅಂಗಗಳು ಅನೇಕ ಹೂಗಳಲ್ಲಿ ಬೇರೆ ಬೇರೆ ಕಾಲದಲ್ಲಿ ಪಕ್ವವಾಗುತ್ತವೆಂಬುದನ್ನು 1793ರಲ್ಲಿ ಸ್ಪ್ರೆಂಗೆಲನು ವಿವರಿಸಿದನು. ಇದಕ್ಕೆ ನಿದರ್ಶನವು ಎಣ್ಣೂರಿನ ಹಿನ್ನೀರಿನ ದಡದಲ್ಲಿಯೇ ಇದೆ. ನಮ್ಮ ಕರಾವಳಿಯವರು ಕಾಂಡ್ಲವೆನ್ನುವ ಸಸ್ಯಸಮೂಹಕ್ಕೆ ಸೇರಿದ ಅವಿಸೆನ್ನಿಯದ ಹೂವಿನಲ್ಲಿ ಮೊದಲು ಪರಾಗವು ಚೆಲ್ಲುತ್ತದೆ; ಶಲಾಕಾಗ್ರವು ಪರಾಗವನ್ನು ಸ್ವೀಕರಿಸಲು ಸಿದ್ಧವಾಗುವುದು ಅನಂತರ.

ಅದೇ ನೀರಿನ ಸಿಂಪಿಯೂ ಮೊದಲು ಗಂಡು, ಅನಂತರ ಹೆಣ್ಣು. ಸಿಂಪಿಗಳು ಕೆಸರಿನಿಂದ ತಾವಾಗಿಯೇ ಹುಟ್ಟುವುವೆಂದು ಅರಿಸ್ಟಾಟಲನು ನಂಬಿದ್ದನು. ದಕ್ಷಿಣ ಕನ್ನಡವೂ ಒಳಗೊಂಡಿದ್ದ ಅಂದಿನ ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯಲ್ಲಿ, ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ, ಜೇಮ್ಸ್ ಹಾರ್ನೆಲ್ ಸಿಂಪಿಯ ಸಾಕಣೆಯನ್ನು ಶಾಸ್ತ್ರೀಯವಾಗಿ ಕೈಗೊಂಡರು. 1916ರಲ್ಲಿ ಪ್ರೆಸ್ಟನ್ ಎಂಬವರು ಈ ಹಿನ್ನೀರಿನ ಸಿಂಪಿಗೆ ಮದರಾಸಿನ ಹೆಸರನ್ನೇ ಸೇರಿಸಿ ‘ಆಸ್ಟ್ರಿಯ ಮದ್ರಾಸೆನ್ಸಿಸ್’ ಎಂದು ನಾಮಕರಣ ಮಾಡಿದರು. ಅದರ ಸಂತಾನೋತ್ಪತ್ತಿಗೂ ನೀರಿನ ಉಪ್ಪಿನಂಶಕ್ಕೂ ಇರುವ ಸಂಬಂಧವನ್ನು 1951ರಲ್ಲಿ ಪರಿಶೀಲಿಸಿದ ಕೆ. ವೀರಭದ್ರರಾಯರು, 1953ರಲ್ಲಿ ಅದರ ಲಿಂಗಪರಿವರ್ತನೆಯ ವಿಷಯವನ್ನು ಪ್ರಕಟಿಸಿದರು. ಎಳೆಯ ಸಿಂಪಿಗಳಲ್ಲಿ ಗಂಡುಗಳೇ ಅಧಿಕ. ಬಲಿತವುಗಳಲ್ಲಿ ಹೆಣ್ಣುಗಳು ಅಧಿಕ. ಅಂಡವನ್ನೂ ರೇತಸ್ಸನ್ನೂ ಏಕಕಾಲದಲ್ಲಿ ತಳೆದವು ವಿರಳ.

ಇದಕ್ಕೆ ಕಾರಣವೇನು? ರೇತಸ್ಸಿನ ಕಣ ಅತಿಸೂಕ್ಷ್ಮವಾದುದು. ಅಂಡವಾದರೋ ಭ್ರೂಣಕ್ಕೆ ಬುತ್ತಿಯನ್ನು ಕಟ್ಟಿಕೊಡಬೇಕು. ಪುಟ್ಟ ದೇಹಕ್ಕೆ ಮೊದಲನೆಯದು ಸುಲಭ, ಬೆಳೆದ ದೇಹಕ್ಕೆ ಎರಡನೆಯದು ಲಾಭಕರ. ಈ ವಿವರಣೆಯನ್ನು 1969ರಲ್ಲಿ ಗಿಸೆಲಿನ್ ಎಂಬ ವಿದ್ವಾಂಸರು ಸಿದ್ಧಾಂತದ ರೂಪದಲ್ಲಿ ಮಂಡಿಸಿದರು. ಆದುದರಿಂದ ಲಿಂಗವು ಇಲ್ಲಿ ಹುಟ್ಟಿನೊಡನೆ ನಿಶ್ಚಿತವಾದ ವಿಧಿಯಲ್ಲ. ವಯಸ್ಸು, ಗಾತ್ರ, ಪರಿಸರಗಳಿಗೆ ಹೊಂದಿಕೊಂಡು ನಡೆಯುವ ವ್ಯಾಪಾರ.

ಈ ಸಿಂಪಿಗೆ ಗರ್ಭವೆಂಬುದು ನೀರೇ. ಅಂಡವೂ ರೇತಸ್ಸೂ ನೀರಿನಲ್ಲಿ ಕೂಡುತ್ತವೆ. ಮರಿಯು ಎರಡು ಮೂರು ವಾರ ತೇಲಾಡಿದ ಮೇಲೆ ಗಟ್ಟಿಯಾದ ನೆಲೆಗೆ ಅಂಟಿಕೊಳ್ಳುತ್ತದೆ. ಆದಕಾರಣ ನೀರು ಕೆಟ್ಟರೆ ವಂಶವೇ ಕೆಟ್ಟಂತೆ. 1960ರ ದಶಕದ ಉತ್ತರಾರ್ಧದಿಂದ ಮಣಲಿಯು ತೈಲಶುದ್ಧೀಕರಣ ಮತ್ತು ರಸಗೊಬ್ಬರಗಳ ನೆಲೆಯಾಗಿ ಬೆಳೆಯಿತು. 2023ರ ಡಿಸೆಂಬರಿನ ಚಂಡಮಾರುತದಲ್ಲಿ ಅಲ್ಲಿಂದ ಪ್ರವಾಹದೊಡನೆ ಹೊರಬಿದ್ದ ತೈಲವು ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಎಣ್ಣೂರಿನ ಹಿನ್ನೀರನ್ನು ಸೇರಿತು. ಕಾಂಡ್ಲದ ಬೇರುಗಳಿಗೆ ಕಪ್ಪು ಹತ್ತಿತು. ಬೆಸ್ತರ ಬಲೆ ದೋಣಿಗಳಿಗೂ ಅದೇ ಗತಿಯಾಯಿತು.

ಗಂಡಾಗಿಯೂ ಹೆಣ್ಣಾಗಿಯೂ ಬಾಳಿ ಸಂತತಿಯನ್ನು ಮುಂದುವರಿಸುವ ಉಪಾಯವನ್ನು ಈ ಜೀವಿಗಳು ಕಂಡುಕೊಂಡಿವೆ. ಆದರೆ ತೈಲ ಕವಿದ ನೀರಿಗೆ ಆ ಉಪಾಯದಲ್ಲಿ ಪರಿಹಾರವಿಲ್ಲ. ಅದನ್ನು ಒದಗಿಸಬೇಕಾದವನು ಮನುಷ್ಯನೇ.