ಸೆಟ್ಟೇರಿದ ಸೆಟ್ಟು

ಮಾಗಡಿ ಸೀಮೆಯ ತೋಟದಲ್ಲಿ ಅದು ಪಂಪ್‌ಸೆಟ್ಟು. ವಿದ್ಯುತ್ ಕಚೇರಿಯ ಕಾಗದಕ್ಕೆ ಬಂದರೆ ಐಪಿ ಸೆಟ್ಟು. 10 ಎಚ್‌ಪಿವರೆಗಿನದಕ್ಕೆ ಸರ್ಕಾರದಿಂದ ಉಚಿತ ಕರೆಂಟು. ಕೆಟ್ಟಾಗ ಮಾತ್ರ ರೈತನ ಬಾಯಲ್ಲಿ ಸೆಟ್ಟು ಹೋಗಿ ‘ಮೋಟ್ರು ಸುಟ್ಟೋಯ್ತು’ ಎಂದಾಗುತ್ತದೆ. ಅದೇ ಮನೆಯ ಮದುವೆಗೆ ಮೈಕ್ ಸೆಟ್ಟು ಬರುತ್ತದೆ, ಬ್ಯಾಂಡ್ ಸೆಟ್ಟು ಬರುತ್ತದೆ, ಹೆಣ್ಣಿನ ಕೊರಳಿಗೆ ನೆಕ್ಲೇಸು–ಓಲೆಯ ಸೆಟ್ಟು ಬರುತ್ತದೆ. ಹೋಟೆಲಿನಲ್ಲಿ ಸೆಟ್ ದೋಸೆ ಎಂದರೆ ತಟ್ಟೆಗೆ ಮೂರು. ಈಚೆಗೆ ಎರಡಿಟ್ಟು ಸೆಟ್ಟೆನ್ನುವವರೂ ಇದ್ದಾರೆ. ಪಕ್ಕದ ಬಿಡದಿಯ ತಟ್ಟೆ ಇಡ್ಲಿ ಒಂಟಿಯಾಗಿಯೇ ಹೊಟ್ಟೆ ತುಂಬಿಸುವುದರಿಂದ ಅದಕ್ಕೆ ಈ ಯೋಗ ಬರಲಿಲ್ಲ.

ಇಂಗ್ಲಿಷಿನಲ್ಲೂ ಇದು ಸಣ್ಣ ಪದವೇನಲ್ಲ. 1989ರ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’ ಕ್ರಿಯಾಪದದ್ದು: ಸುಮಾರು 430 ಅರ್ಥ, 60,000 ಪದಗಳ ವಿವರಣೆ. ಈಗ ಆ ಪಟ್ಟ ‘ರನ್’ಗೆ ಹೋಗಿದೆ.

ಅಸಲಿಗೆ ಒಂದೇ ಕಾಗುಣಿತದಲ್ಲಿ ಎರಡು ಪದಗಳು ಬೆರೆತಿವೆ. ‘ಇಡು, ಹೂಡು’ ಎಂಬ ಕ್ರಿಯಾಪದ ಹಳೆಯ ಇಂಗ್ಲಿಷಿನದು. ನಮ್ಮ ‘ಕೂರು’ವಿನಿಂದ ‘ಕೂರಿಸು’ ಆದ ಹಾಗೆಯೇ ಅಲ್ಲಿ ‘ಸಿಟ್’ನಿಂದ ‘ಸೆಟ್’ ಆಯಿತು. ಸಂಸ್ಕೃತದ ‘ಸದ್’ ಧಾತು ಇದರ ದಾಯಾದಿ. ಸದನ, ಪರಿಷತ್ತು, ಉಪನಿಷತ್ತು ಎಲ್ಲವೂ ಅದೇ ಮನೆಯವು. ‘ಜೊತೆಗೂಡಿದ ಗುಂಪು’ ಎಂಬ ನಾಮಪದದ ಹಾದಿ ಬೇರೆ. ಅದು ಹಿಂಬಾಲಿಸುವವರ ಪಂಥ ಎಂಬ ಅರ್ಥದ ಲ್ಯಾಟಿನ್ ‘ಸೆಕ್ಟಾ’ದಿಂದ ಹೊರಟು ಫ್ರೆಂಚಿನ ಮೂಲಕ ಬಂತು. ಆ ಲ್ಯಾಟಿನ್ ಧಾತುವಿಗೆ ಸಂಸ್ಕೃತದಲ್ಲಿ ಸರಿಸಾಟಿ ‘ಸಚ್’, ಜೊತೆಯಲ್ಲಿರು. ಅದರಿಂದ ಹುಟ್ಟಿದವನು ಸಚಿವ. ರಾಮನಗರ ಸೀಮೆಯ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದಲ್ಲಿ ಸಚಿವರೂ ಪರಿಷತ್ತೂ ಒಂದೇ ಸೂರಿನಡಿ ಇರುವುದನ್ನು ನೋಡಿದರೆ, ಎರಡು ಸೆಟ್ಟುಗಳ ನೆಂಟರೂ ಅಲ್ಲಿ ಸೇರಿದಂತಾಯಿತು.

ಸಿನಿಮಾದವರ ಸೆಟ್ಟು ಈ ರಾಮನಗರ–ಮಾಗಡಿ ಸೀಮೆಗೆ ಹೊಸತಲ್ಲ. ರಾಮದೇವರಬೆಟ್ಟದ ಅಡಿಯಲ್ಲಿ ‘ಶೋಲೆ’ಗಾಗಿ ರಾಮಗಢವೆಂಬ ಊರನ್ನೇ ಎಬ್ಬಿಸಿದ್ದರು, ಚಿತ್ರ 1975ರ ಆಗಸ್ಟ್ 15ರಂದು ತೆರೆಕಂಡಿತು. ನಿರ್ದೇಶಕ ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ಮಾಗಡಿಯ ಸಾವನದುರ್ಗದ ಬಂಡೆಗಳನ್ನು ಹುಡುಕಿಕೊಂಡು ಬಂದರು. ಆದರೆ ‘ಸಿನಿಮಾ ಸೆಟ್ಟೇರಿತು’ ಎನ್ನುವುದು ಅಪ್ಪಟ ಕನ್ನಡದ ಕೆಲಸ. ರಥ ಏರಿದಂತೆ, ಹಸೆಮಣೆ ಏರಿದಂತೆ ಚಿತ್ರವೊಂದು ಸೆಟ್ಟೇರುತ್ತದೆ. ಬಯಲಿನಲ್ಲೇ ಚಿತ್ರೀಕರಣ ಶುರುವಾದರೂ, ಅಲ್ಲಿ ಒಂದು ಹಲಗೆಯ ಸೆಟ್ಟೂ ಇಲ್ಲದಿದ್ದರೂ ಸೆಟ್ಟೇರಿತು ಎಂದೇ ಬರೆಯುತ್ತೇವೆ. ಇಂಗ್ಲಿಷಿನವನಿಗೆ ಇದರ ತಲೆಬುಡ ತಿಳಿಯಲಾರದು.

‘ಆಗು’ ಸೇರಿದರೆ ಪದಕ್ಕೆ ಜೀವ ಇನ್ನೂ ಹೆಚ್ಚು. ಆರ್‌ಸಿಸಿ ಹಾಕಿದ ಮೇಸ್ತ್ರಿ ‘ಸೆಟ್ಟಾಗ್ಲಿ, ತುಳೀಬೇಡಿ’ ಎಂದರೆ ಅದು ಇಂಗ್ಲಿಷಿನ ಅರ್ಥವೇ: ಗಾರೆ ಗಟ್ಟಿಯಾಗಬೇಕು. (ನಮ್ಮದೇ ‘ಸೆಟೆ’ಗೂ ಬಿಗಿಯಾಗುವ ಅರ್ಥವಿರುವುದು ಕೇವಲ ಕಾಕತಾಳೀಯ, ನಂಟು ಕಟ್ಟುವ ಆಸೆ ಬೇಡ.) ‘ಅತ್ತೆ ಸೊಸೆಗೆ ಸೆಟ್ಟಾಗಲ್ಲ’, ‘ಬೆಂಗಳೂರು ನಂಗೆ ಸೆಟ್ಟಾಗ್ಲಿಲ್ಲ ಕಣಣ್ಣ, ವಾಪಸ್ ಬಂದ್ಬಿಟ್ಟೆ’ ಎನ್ನುವಾಗ ಅದು ಇಂಗ್ಲಿಷಿನ ಗಡಿ ದಾಟಿರುತ್ತದೆ. ಹೊಂದು, ಒಗ್ಗು ಎಂಬ ಅರ್ಥಗಳನ್ನು ನಾವೇ ತುಂಬಿದ್ದೇವೆ. ‘ಅಂಗಿ ಮೈಗೆ ಸರಿಯಾಗಿ ಕೂತಿದೆ’ ಎನ್ನುವ ಭಾಷೆಗೆ, ಕೂರಿಸುವ ಮೂಲದ ಪದವೊಂದು ಹೀಗೆ ಒಗ್ಗಿದ್ದು ಅಚ್ಚರಿಯಲ್ಲ.

ಇಂಥ ಬಳಕೆಗಳನ್ನು ಕಂಗ್ಲಿಷ್ ಎಂದು ಮೂಗು ಮುರಿಯುವುದು ಸೋಮಾರಿತನ. ಕನ್ನಡ ನಿಘಂಟು ಮಾಡುವವರು ‘ಸೆಟ್ಟು’ವನ್ನು ಇಂಗ್ಲಿಷ್ ನಿಘಂಟಿನಿಂದ ನಕಲು ಮಾಡದೆ, ಮೇಸ್ತ್ರಿಯಿಂದ, ಮೈಕಿನವನಿಂದ, ದೋಸೆ ಹುಯ್ಯುವವನಿಂದ ಅರ್ಥ ಕೇಳಿ ಬರೆದುಕೊಳ್ಳಲಿ. ನಿಮ್ಮೂರಿನಲ್ಲಿ ಬೇರೊಂದು ಸೆಟ್ಟು ಇದ್ದರೆ ನೀವೂ ಗುರುತು ಹಾಕಿಡಿ.