ಅಳಿಸುವ ಮುನ್ನ ಕೇಳುವ ಮೆನು

ಡಿಸ್ಕ್‌ನಲ್ಲಿ ಏನೂ ಇಲ್ಲದ ಕಂಪ್ಯೂಟರ್ ಜಾಲದಿಂದ ಹೇಗೆ ಚಾಲನೆಗೊಳ್ಳುತ್ತದೆ, ಯೋಚಿಸಿದ್ದೀರಾ? 1985ರ ಬೂಟ್‌ಪಿ ನಿಯಮಾವಳಿಯಂತೆ ಅದು ತನ್ನ ವಿಳಾಸವನ್ನೂ ತರಬೇಕಾದ ಕಡತದ ಹೆಸರನ್ನೂ ಜಾಲದಲ್ಲೇ ಕೇಳಿ ಪಡೆಯುತ್ತಿತ್ತು. 1999ರಲ್ಲಿ ಇಂಟೆಲ್ ಪ್ರಕಟಿಸಿದ ಪಿಎಕ್ಸ್‌ಇ 2.1 ಪಿಸಿಗಳಲ್ಲಿ ಇದಕ್ಕೊಂದು ಶಿಷ್ಟ ರೂಪ ಕೊಟ್ಟಿತು.

ವಿಎಂವೇರ್ ಇಎಸ್‌ಎಕ್ಸ್ (2001) ಒಂದು ಹೈಪರ್‌ವೈಸರ್. ಅಂದರೆ ಒಂದೇ ಯಂತ್ರದಲ್ಲಿ ಹಲವು ಕಾರ್ಯಾಚರಣ ವ್ಯವಸ್ಥೆಗಳನ್ನು ನಡೆಸುವ ತಂತ್ರಾಂಶ. ಅದೂ ಇದೇ ಹಾದಿ ಹಿಡಿಯಿತು. ಕಿಕ್‌ಸ್ಟಾರ್ಟ್ ಕಡತದಲ್ಲಿ ಉತ್ತರಗಳನ್ನೆಲ್ಲ ಮೊದಲೇ ಬರೆದಿಟ್ಟರೆ ಸಾಕು, ಬಳಿಯಲ್ಲಿ ಯಾರೂ ಇರಬೇಕಾಗಿಲ್ಲ. ಅಪಾಯವೂ ಅಲ್ಲೇ! ಕೆಲಸದಲ್ಲಿರುವ ಸರ್ವರ್ ತಪ್ಪಿ ಜಾಲದಿಂದ ಚಾಲನೆಗೊಂಡರೆ ಅದರ ಡಿಸ್ಕೂ ಅಳಿಸಿಹೋಗಬಹುದು.

ಪೀಟರ್ ಆನ್ವಿನ್ ಅವರ ಪಿಎಕ್ಸ್‌ಇಲಿನಕ್ಸ್‌ನ ಮೆನು ಇಲ್ಲಿ ನೆರವಿಗೆ ಬಂತು. ಯಾರೂ ಕೀಲಿ ಒತ್ತದಿದ್ದರೆ ಸ್ಥಳೀಯ ಡಿಸ್ಕ್‌ನಿಂದಲೇ ಚಾಲನೆಗೊಳ್ಳುವಂತೆ ಅದರಲ್ಲಿ ಬರೆದಿಡಬಹುದು. ಕಾಯುವ ಅವಧಿಯ ಲೆಕ್ಕ ಮಾತ್ರ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ: 300 ಎಂದರೆ 30 ಸೆಕೆಂಡು. 30 ಎಂದು ಬರೆದವರಿಗೆ ಸಿಗುವುದು ಮೂರೇ!