ಕೋವಿ: ಕೊಳವೆಯಿಂದ ಕಾನೂನಿನವರೆಗೆ

ಮಲೆನಾಡಿನವರ ಬಾಯಲ್ಲಿ ಬಂದೂಕು ಎಂಬ ಮಾತು ಕಡಿಮೆ. ಅವರಿಗೆ ಅದು ಕೋವಿ. ಈ ಪದದ ಮೂಲಾರ್ಥದಲ್ಲಿ ಮದ್ದೂ ಇಲ್ಲ, ಗುಂಡೂ ಇಲ್ಲ, ಬರೀ ಕೊಳವೆ. ತೆಲುಗಿನವರು ಕೊಳಲನ್ನು ಪಿಲ್ಲನಗ್ರೋವಿ ಎನ್ನುತ್ತಾರಲ್ಲ, ಆ ಗ್ರೋವಿ ನಮ್ಮ ಕೋವಿಯ ಒಡಹುಟ್ಟು. ಇದೇ ಆಯುಧದ ಇನ್ನೊಂದು ಹೆಸರಾದ ತುಪಾಕಿಯ ಬೇರೂ ಇಂಥದ್ದೇ: ಪಾರಸಿಯ ತುಫಕ್ ಮೊದಲು ಊದುಗೊಳವೆಯ ಹೆಸರಾಗಿತ್ತು. ಬಂದೂಕಿನ ದಾರಿ ಬೇರೆ. ಅರಬ್ಬಿಯಲ್ಲಿ ಬುಂದುಕ್ ಎಂದರೆ ಒಂದು ಬಗೆಯ ಕಾಯಿ. ಅದರಿಂದ ಉಂಡೆ, ಉಂಡೆಯಿಂದ ಗುಂಡು ಹಾರಿಸುವ ಆಯುಧ.

ಬಂದೂಕು ಠಾಣೆಯ, ಕಾಗದಪತ್ರದ ಮಾತಾಗಿ ಉಳಿಯಿತು. ಕೋವಿ ಮನೆಯೊಳಗೆ ಬಂದು ತನ್ನದೇ ಬಳಗ ಬೆಳೆಸಿತು: ಕೇಪಿನ ಕೋವಿ, ತೋಟೆ ಕೋವಿ, ಜೋಡುನಳಿಗೆ, ಮಸಿ, ಚರೆ, ಈಡು. ಕೊಡವರು ಕೋವಿಯನ್ನು ತೋಕ್ ಎನ್ನುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸುವುದು ಅವರ ಪದ್ಧತಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ.

ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೇ ಇದೆ. ಜಾತಿ, ಜಮೀನು ನೋಡಿ ಕೊಟ್ಟ ಈ ಸವಲತ್ತು ಸಮಾನತೆಗೆ ವಿರುದ್ಧ ಎಂಬ ವಾದ ಹೈಕೋರ್ಟಿನವರೆಗೆ ಹೋಯಿತು. 2021ರಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. 2019ರ ಅಧಿಸೂಚನೆಯಂತೆ ಅದರ ಅವಧಿ 2029ರವರೆಗೆ.

ವಿನಾಯಿತಿಯ ಈ ಜಗಳದಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗುತ್ತಿವೆ. ವಿನಾಯಿತಿ ಸಿಕ್ಕಿರುವುದು ಕೋವಿ ಇಟ್ಟುಕೊಳ್ಳುವುದಕ್ಕೆ; ಹಾರಿಸುವುದಕ್ಕೆ ಯಾರಿಗೂ ಪ್ರತ್ಯೇಕ ಅಳತೆಯಿಲ್ಲ. ಎಲ್ಲರಿಗೂ ಒಂದೇ ಅಳತೆಯಾದ ಆತ್ಮರಕ್ಷಣೆಯ ಹಕ್ಕು ಭಾರತೀಯ ದಂಡ ಸಂಹಿತೆಯ 96ರಿಂದ 106ನೇ ಕಲಮುಗಳಲ್ಲಿತ್ತು. 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಿಗೆ ಬಂದಿದೆ. ನಂಬರು ಬದಲಾಯಿತು, ತಿರುಳು ಅದೇ: ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ.

ಈ ಮಿತಿ ತೋಟಕ್ಕೂ ಅನ್ವಯ. ಕಾಳುಮೆಣಸಿನ ಕಳ್ಳತನಕ್ಕೆ ಬೇಸತ್ತ ಬೆಳೆಗಾರರ ಸಿಟ್ಟು ನನಗೆ ಅರ್ಥವಾಗುತ್ತದೆ. ವರ್ಷವಿಡೀ ಬೆಳೆಸಿದ್ದು ಒಂದೇ ರಾತ್ರಿಯಲ್ಲಿ ಮಾಯವಾದರೆ ಯಾರ ಕೈಯಾದರೂ ಕೋವಿಯತ್ತ ಹೋದೀತು. ಆದರೆ ರಾತ್ರಿ ಮನೆಗೆ ಕನ್ನ ಹಾಕುವವನಿಗೂ ತೋಟದ ಬಳ್ಳಿಯಿಂದ ಮೆಣಸು ಕೊಯ್ದು ಓಡುವವನಿಗೂ ಕಾನೂನು ಬೇರೆ ಬೇರೆ ಕಲಮು ಇಟ್ಟಿದೆ. ಎರಡನೆಯವನಿಂದ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯದ ಭಯ ಇಲ್ಲದಿದ್ದರೆ ಅವನ ಜೀವ ತೆಗೆಯುವ ಹಕ್ಕು ತೋಟದ ಮಾಲೀಕನಿಗಿಲ್ಲ. ಪರವಾನಗಿ ಇದ್ದವನಿಗೂ ಇಲ್ಲ, ವಿನಾಯಿತಿ ಪತ್ರ ಇದ್ದವನಿಗೂ ಇಲ್ಲ.